ಬಣ್ಣ ತಟ್ಟೆಗೆ ಬಂದರೆ ಸಾಲದು: ಹಣ್ಣು ತರಕಾರಿಯ ಕ್ಯಾರೊಟಿನಾಯ್ಡ್ ಮೈಗೆ ಹತ್ತುವ ಹಾಗೆ ಉಣ್ಣುವುದು ಹೇಗೆ?

ಟೊಮೆಟೊ ಗೊಜ್ಜು ಹಾಕಿ ಕಳಿಸಿದ ಪ್ಲಾಸ್ಟಿಕ್ ಡಬ್ಬಿಯ ಕೆಂಪು ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಸ್ಟೀಲ್ ಡಬ್ಬಿಗೆ ಆ ತೊಂದರೆಯೇ ಇಲ್ಲ. ಟೊಮೆಟೊದ ಕೆಂಪು ನೀರಿಗೆ ಒಲಿಯುವುದಿಲ್ಲ, ಎಣ್ಣೆಗೆ ಒಲಿಯುತ್ತದೆ. ಪ್ಲಾಸ್ಟಿಕ್ ಕೂಡ ಎಣ್ಣೆಯ ಗುಣದ್ದೇ ಆದ್ದರಿಂದ ಬಣ್ಣ ಅದರೊಳಗೆ ಇಳಿದು ಕೂರುತ್ತದೆ. ಒಂದೆರಡು ಹನಿ ಅಡುಗೆ ಎಣ್ಣೆ ಸವರಿ ಒರೆಸಿ, ಸೋಪು ಹಾಕಿ ತೊಳೆದು, ಡಬ್ಬಿಯನ್ನು ಬಿಸಿಲಿಗೆ ಇಡಿ. ಕಲೆ ಬಹುಪಾಲು ಮಾಯವಾಗುತ್ತದೆ.

ಆ ಕೆಂಪಿನ ಹೆಸರು ಲೈಕೊಪಿನ್. ಕ್ಯಾರೆಟ್ಟಿನ ಕಿತ್ತಳೆ, ಮಾವಿನ ಹಳದಿ, ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು, ಸೊಪ್ಪಿನ ಹಸಿರಿನಡಿ ಅಡಗಿರುವ ಹಳದಿ, ಎಲ್ಲವೂ ಇದೇ ಕುಲದವು. ಕ್ಯಾರೊಟಿನಾಯ್ಡ್ ಎಂಬುದು ಈ ಕುಲದ ಹೆಸರು. 1831ರಲ್ಲಿ ಜರ್ಮನಿಯ ಹೈನ್‌ರಿಶ್ ವಾಕೆನ್‌ರೋಡರ್ ಕ್ಯಾರೆಟ್ಟಿನಿಂದ ಬೇರ್ಪಡಿಸಿದ ಬಣ್ಣಕ್ಕೆ ಕ್ಯಾರೊಟಿನ್ ಎಂಬ ಹೆಸರು ಬಂತು. ಅದರ ರಚನೆಯನ್ನು ಬಿಡಿಸಿ ತೋರಿಸಿದ ಸ್ವಿಟ್ಜರ್‌ಲೆಂಡಿನ ಪಾಲ್ ಕಾರರ್ ಅವರಿಗೆ 1937ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಪ್ರಕೃತಿಯಲ್ಲಿ ಇಂಥವು 700ಕ್ಕೂ ಹೆಚ್ಚು ಇವೆ. ನಮ್ಮ ರಕ್ತದಲ್ಲಿ ಗಣನೀಯವಾಗಿ ಕಾಣಸಿಗುವವು ಆರೇ ಆರು.

ಡಬ್ಬಿಯ ಕಲೆ ಹೇಳುವ ಎರಡು ಸಂಗತಿಗಳನ್ನು, ಅಂದರೆ ಈ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ ಮತ್ತು ಬಿಸಿಲಿಗೆ ಸಾಯುತ್ತದೆ ಎಂಬುದನ್ನು, ನೆನಪಿಟ್ಟುಕೊಂಡರೆ ಮುಂದಿನ ಎಲ್ಲ ಹೆಜ್ಜೆಗಳೂ ಸುಲಭವಾಗಿ ಅರ್ಥವಾಗುತ್ತವೆ. ಬಣ್ಣಬಣ್ಣದ ತರಕಾರಿ ತಿನ್ನಿ ಎಂಬ ಮಾತನ್ನು ಎಲ್ಲರೂ ಕೇಳಿದ್ದಾರೆ. ಆದರೆ ತಿಂದದ್ದು ಮೈಗೆ ಹತ್ತಬೇಕಾದರೆ ಬಣ್ಣ ತರಕಾರಿಯ ಜೀವಕೋಶದಿಂದ ಬಿಡಿಸಿಕೊಂಡು ಜಿಡ್ಡಿಗೆ ಇಳಿಯಬೇಕು. ಅದಕ್ಕೆ ಬೇಕಾದ ಕ್ರಮ ನಮ್ಮ ಅಡುಗೆಮನೆಯಲ್ಲಿ ಮೊದಲಿನಿಂದಲೂ ಇದೆ. ಆರೋಗ್ಯದ ಹೆಸರಿನಲ್ಲಿ ಅದನ್ನೇ ಕೈಬಿಡುತ್ತಿದ್ದೇವಲ್ಲ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾವುದು ಕ್ಯಾರೊಟಿನಾಯ್ಡ್, ಯಾವುದಲ್ಲ ಎಂದು ಗುರುತಿಸಿ

ಕೆಂಪಾಗಿರುವುದೆಲ್ಲ ಕ್ಯಾರೊಟಿನಾಯ್ಡ್ ಅಲ್ಲ. ಒಂದು ಲೋಟ ನೀರಿಗೆ ತುರಿದ ಬೀಟ್ರೂಟ್ ಹಾಕಿ ನೋಡಿ, ನೀರು ಕ್ಷಣದಲ್ಲಿ ಕೆಂಪಾಗುತ್ತದೆ. ಕ್ಯಾರೆಟ್ ತುರಿ ಹಾಕಿದ ನೀರಿಗೆ ಅಂಥ ಬಣ್ಣ ಏರುವುದಿಲ್ಲ. ಅದೇ ಕ್ಯಾರೆಟ್ ತುರಿಯನ್ನು ಬಿಸಿ ಎಣ್ಣೆಯಲ್ಲಿ ಎರಡು ನಿಮಿಷ ಬಾಡಿಸಿದರೆ ಬಾಣಲೆಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಎಣ್ಣೆ ಜಿನುಗುತ್ತದೆ. ನೀರಿಗೆ ಬಿಡುವ ಬಣ್ಣ ಬೇರೆ, ಎಣ್ಣೆಗೆ ಬಿಡುವ ಬಣ್ಣ ಬೇರೆ.

ಬೀಟ್ರೂಟ್ ಕೆಂಪಿಗೆ ಕಾರಣ ಬೀಟಲೇನ್. ನೇರಳೆ ಹಣ್ಣು, ದಾಳಿಂಬೆ, ಪುನರ್ಪುಳಿ ಇವುಗಳ ಬಣ್ಣ ಆಂಥೊಸಯನಿನ್. ಅರಿಶಿನದ ಹಳದಿ ಕರ್ಕ್ಯುಮಿನ್. ಇವು ಯಾವುವೂ ಕ್ಯಾರೊಟಿನಾಯ್ಡ್ ಅಲ್ಲ; ಅವುಗಳ ಗುಣವೇ ಬೇರೆ. ಕೆಂಪು ದಂಟಿನ ಸೊಪ್ಪಿನಲ್ಲಿ ಮಾತ್ರ ಎರಡೂ ಇವೆ. ಬಸಿದ ನೀರನ್ನು ಕೆಂಪಾಗಿಸುವುದು ಬೀಟಲೇನ್ ಜಾತಿಯದು. ಎಲೆಯಲ್ಲೇ ಉಳಿಯುವುದು ಕ್ಯಾರೊಟಿನಾಯ್ಡ್. ಕೇಸರಿ ದಳದ ಬಣ್ಣ ಈ ಕುಲಕ್ಕೇ ಸೇರಿದ್ದರೂ ನೀರಿನಲ್ಲಿ, ಹಾಲಿನಲ್ಲಿ ಕರಗುತ್ತದೆ, ಅದೊಂದು ಅಪವಾದ.

ಸೊಪ್ಪಿನ ವಿಷಯದಲ್ಲಿ ಕಣ್ಣು ಮೋಸ ಹೋಗುತ್ತದೆ. ಹಸಿರು ಅಷ್ಟು ದಟ್ಟವಾಗಿರುವುದರಿಂದ ಒಳಗಿನ ಹಳದಿ ಕಾಣುವುದಿಲ್ಲ. ವೀಳ್ಯದೆಲೆ ಹಣ್ಣಾಗಿ ಹಳದಿಗೆ ತಿರುಗುತ್ತದಲ್ಲ, ಆ ಹಳದಿ ಎಲೆ ಹಸಿರಾಗಿದ್ದಾಗಲೂ ಅಲ್ಲೇ ಇತ್ತು. ಹಸಿರು ಕಳೆದ ಮೇಲೆ ಹೊರಗೆ ಕಂಡಿತು ಅಷ್ಟೆ. ಆದ್ದರಿಂದ ಎಲೆ ಕಡುಹಸಿರಾದಷ್ಟೂ ಕ್ಯಾರೊಟಿನಾಯ್ಡ್ ಹೆಚ್ಚು ಎಂದು ತಿಳಿಯಿರಿ. ಎಲೆಕೋಸಿನ ಒಳಗಿನ ಬಿಳಿ ಪದರಗಳಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ.

ಹೆಜ್ಜೆ 2: ಯಾವುದರಿಂದ ಏನು ಉಪಯೋಗ ಎಂದು ತಿಳಿಯಿರಿ

ರಕ್ತದಲ್ಲಿ ಕಾಣಸಿಗುವ ಆ ಆರರಲ್ಲಿ ಬೀಟಾ ಕ್ಯಾರೊಟಿನ್, ಆಲ್ಫಾ ಕ್ಯಾರೊಟಿನ್, ಬೀಟಾ ಕ್ರಿಪ್ಟೊಕ್ಸಾಂಥಿನ್ ಎಂಬ ಮೂರು ಮಾತ್ರ ನಮ್ಮ ದೇಹದಲ್ಲಿ ವಿಟಮಿನ್ 'ಎ' ಆಗಿ ಬದಲಾಗುತ್ತವೆ. ಕತ್ತಲಲ್ಲಿ ಕಣ್ಣು ಕಾಣಲು, ಚರ್ಮ ಮತ್ತು ಕರುಳಿನ ಒಳಪದರ ಗಟ್ಟಿಯಾಗಿರಲು, ಮಕ್ಕಳು ಸೋಂಕನ್ನು ತಡೆದುಕೊಳ್ಳಲು ವಿಟಮಿನ್ 'ಎ' ಬೇಕೇ ಬೇಕು. ಹಾಲು, ತುಪ್ಪ, ಮೊಟ್ಟೆ, ಮೀನು, ಈಲಿಯಲ್ಲಿ (ಲಿವರ್) ಅದು ಸಿದ್ಧರೂಪದಲ್ಲೇ ಸಿಗುತ್ತದೆ. ಇವನ್ನು ಕಡಿಮೆ ತಿನ್ನುವ ಮನೆಗಳಿಗೆ ಸೊಪ್ಪು ತರಕಾರಿಯೇ ಗತಿ.

ಲ್ಯೂಟಿನ್ ಮತ್ತು ಝಿಯಾಕ್ಸಾಂಥಿನ್ ವಿಟಮಿನ್ 'ಎ' ಆಗುವುದಿಲ್ಲ, ಆದರೆ ನೇರವಾಗಿ ಕಣ್ಣಿಗೇ ಹೋಗಿ ಸೇರುತ್ತವೆ. ಅಕ್ಷಿಪಟಲದ ನಟ್ಟನಡುವೆ, ನಾವು ಅಕ್ಷರ ಓದುವ, ಸೂಜಿಗೆ ದಾರ ಪೋಣಿಸುವ ನೋಟಕ್ಕೆ ಕಾರಣವಾದ ಮ್ಯಾಕ್ಯುಲಾ ಎಂಬ ಸಣ್ಣ ಜಾಗದಲ್ಲಿ ಇವು ಹಳದಿ ಪದರವಾಗಿ ನಿಂತು ನೀಲಿ ಬೆಳಕಿನ ಹೊಡೆತವನ್ನು ತಡೆಯುತ್ತವೆ. ಎಲ್ಲ ಕಡುಹಸಿರು ಸೊಪ್ಪು, ಮೆಕ್ಕೆಜೋಳ, ಮೊಟ್ಟೆಯ ಹಳದಿ ಭಾಗ ಇವುಗಳ ಮೂಲ. ಗುಂಡ್ಲುಪೇಟೆಯ ಕಡೆ ಊಟಿ ರಸ್ತೆಯ ಇಕ್ಕೆಲದಲ್ಲಿ ಚೆಂಡುಹೂವಿನ ಹೊಲಗಳನ್ನು ನೋಡಿದವರು ಅದೆಲ್ಲ ಹಾರಕ್ಕೆ ಹೋಗುವ ಹೂವು ಎಂದುಕೊಳ್ಳಬಹುದು. ಅದರ ದೊಡ್ಡ ಪಾಲು ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ದಳದಿಂದ ಲ್ಯೂಟಿನ್ ತೆಗೆಯುತ್ತಾರೆ. ಅದು ಕೋಳಿ ಆಹಾರಕ್ಕೆ ಸೇರಿ ಮೊಟ್ಟೆಯ ಹಳದಿಯನ್ನು ಗಾಢಗೊಳಿಸುತ್ತದೆ, ಕಣ್ಣಿನ ಮಾತ್ರೆಗಳಿಗೂ ಸೇರುತ್ತದೆ.

ಮೂರನೆಯದು ಲೈಕೊಪಿನ್. ಟೊಮೆಟೊ, ಕಲ್ಲಂಗಡಿ, ಕೆಂಪು ತಿರುಳಿನ ಸೀಬೆ, ಕೆಂಪು ಪಪ್ಪಾಯಿಯಲ್ಲಿ ಇದೆ. ಇದೂ ವಿಟಮಿನ್ 'ಎ' ಆಗುವುದಿಲ್ಲ. ಟೊಮೆಟೊ ಹೆಚ್ಚು ತಿನ್ನುವವರಲ್ಲಿ ಕೆಲವು ಕಾಯಿಲೆಗಳು ಕಡಿಮೆ ಎಂದು ಹಲವು ಸಮೀಕ್ಷೆಗಳು ಹೇಳಿವೆ. ಆದರೆ ಲೈಕೊಪಿನ್ ಒಂದೇ ಅದಕ್ಕೆ ಕಾರಣ ಎಂದು ರುಜುವಾತಾಗಿಲ್ಲ. ತರಕಾರಿ ಹೆಚ್ಚು ತಿನ್ನುವವರು ಬೇರೆ ವಿಷಯಗಳಲ್ಲೂ ಮೈ ಕಾಪಾಡಿಕೊಳ್ಳುವವರೇ ಆಗಿರುವುದುಂಟು. ಕ್ಯಾರೊಟಿನಾಯ್ಡ್ ಕ್ಯಾನ್ಸರ್ ತಡೆಯುತ್ತದೆ ಎಂದು ಖಚಿತವಾಗಿ ಹೇಳುವ ಮೊಬೈಲ್ ಸಂದೇಶಗಳನ್ನು ನಂಬಬೇಡಿ. ಏಕೆ ಎಂಬುದು ಕೊನೆಯ ಹೆಜ್ಜೆಗಳಲ್ಲಿ ಇನ್ನೂ ಸ್ಪಷ್ಟವಾಗುತ್ತದೆ.

ಹೆಜ್ಜೆ 3: ಸಂತೆಯಲ್ಲಿ ಆರಿಸುವಾಗ

ಮೊದಲ ಸ್ಥಾನ ಸೊಪ್ಪಿಗೆ. ನುಗ್ಗೆ ಸೊಪ್ಪು, ಕರಿಬೇವು, ದಂಟು (ಕರಾವಳಿಯವರ ಹರಿವೆ), ಮೆಂತ್ಯ, ಸಬ್ಬಸಿಗೆ, ಪಾಲಕ್, ಹೊನಗೊನೆ, ಚಕ್ರಮುನಿ, ಬಸಳೆ ಇವುಗಳಲ್ಲಿ ಬೀಟಾ ಕ್ಯಾರೊಟಿನ್ ಮತ್ತು ಲ್ಯೂಟಿನ್ ಎರಡೂ ಇವೆ. ಹೊನಗೊನೆ ಕಣ್ಣಿಗೆ ಒಳ್ಳೆಯದು ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸುವ ಅಭ್ಯಾಸ ನನಗೆ ತೀರ ಬೇಸರ ತರಿಸುತ್ತದೆ. ಸಣ್ಣಗೆ ಹೆಚ್ಚಿ ಹಾಕಿದರೆ ಅಥವಾ ಚಟ್ನಿಪುಡಿಯಲ್ಲಿ ಸೇರಿಸಿದರೆ ಯಾರೂ ಆಯ್ದು ಎಸೆಯಲಾರರು. ನುಗ್ಗೆ ಮರ ಹಿತ್ತಲಲ್ಲೇ ಇದ್ದರೂ ಕಾಯಿ ಕಿತ್ತು ಸೊಪ್ಪು ಮರೆಯುವವರು ಎಷ್ಟೋ ಮಂದಿ.

ಕ್ಯಾರೆಟ್ಟಿನಲ್ಲಿ ಎರಡು ಬಗೆ. ಊಟಿ ಕ್ಯಾರೆಟ್ ಕಿತ್ತಳೆ ಬಣ್ಣದ್ದು, ಅದರಲ್ಲಿ ಬೀಟಾ ಕ್ಯಾರೊಟಿನ್ ಪ್ರಧಾನ. ಚಳಿಗಾಲದಲ್ಲಿ ಬರುವ ಉದ್ದನೆಯ ಕೆಂಪು ದೆಹಲಿ ಕ್ಯಾರೆಟ್ಟಿನ ಕೆಂಪು ಲೈಕೊಪಿನ್‌ನದು. ವಿಟಮಿನ್ 'ಎ' ಬೇಕಿದ್ದರೆ ಕಿತ್ತಳೆಯದನ್ನೇ ಕೊಳ್ಳಿ.

ಸಿಹಿ ಕುಂಬಳಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಮಲೆನಾಡು, ಕರಾವಳಿಯಲ್ಲಿ ಚೀನಿಕಾಯಿ ಎಂದು ಕರೆಯುವ ಇದು ಅಗ್ಗ, ಇಡಿಯಾಗಿದ್ದರೆ ವಾರಗಟ್ಟಲೆ ಕೆಡುವುದಿಲ್ಲ, ಬೇಗ ಬೇಯುತ್ತದೆ. ಹೋಳು ಕೊಳ್ಳುವಾಗ ತಿರುಳು ಕಡು ಕಿತ್ತಳೆಯಾಗಿರುವುದನ್ನು ಆರಿಸಿ. ತಿಳಿ ಹಳದಿಯದರಲ್ಲಿ ಸತ್ವ ಕಡಿಮೆ. ಹಿತ್ತಲಲ್ಲಿ ಬೆಳೆಯುವವರು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಚಂದನ್' ಕುಂಬಳವನ್ನು ವಿಚಾರಿಸಬಹುದು. ಅದೇ ಸಂಸ್ಥೆಯ ಕೆಂಪು ತಿರುಳಿನ ಸೀಬೆ 'ಅರ್ಕಾ ಕಿರಣ್'ನಲ್ಲಿ 100 ಗ್ರಾಂಗೆ ಸುಮಾರು 7 ಮಿಲಿಗ್ರಾಂ ಲೈಕೊಪಿನ್ ಇದೆ. ಹಸಿ ಟೊಮೆಟೊದಲ್ಲಿ ಇರುವುದು ಸುಮಾರು ಎರಡೂವರೆ ಮಿಲಿಗ್ರಾಂ.

ಗೆಣಸಿನಲ್ಲಿಯೂ ತಿರುಳಿನ ಬಣ್ಣವೇ ಲೆಕ್ಕ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಿಳಿ ತಿರುಳಿನ ಗೆಣಸಿನಲ್ಲಿ ಬೀಟಾ ಕ್ಯಾರೊಟಿನ್ ನಗಣ್ಯ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ 'ಭೂ ಸೋನಾ' ಎಂಬ ಕಿತ್ತಳೆ ತಿರುಳಿನ ತಳಿಯಲ್ಲಿ 100 ಗ್ರಾಂಗೆ 14 ಮಿಲಿಗ್ರಾಂ ಇದೆ. ಆಫ್ರಿಕಾದಲ್ಲಿ ಇಂಥ ಕಿತ್ತಳೆ ಗೆಣಸನ್ನು ಹಳ್ಳಿಹಳ್ಳಿಗೆ ತಲುಪಿಸಿದ ವಿಜ್ಞಾನಿಗಳಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಸಂಕ್ರಾಂತಿಗೆ ಗೆಣಸು ಬೇಯಿಸುವ ನಾಡಿನಲ್ಲಿ ಇದು ಇನ್ನೂ ಮನೆಮಾತಾಗಿಲ್ಲ ಎಂಬುದು ಬೇಸರದ ಸಂಗತಿ.

ಹಣ್ಣುಗಳಲ್ಲಿ ಮಾವು, ಪಪ್ಪಾಯಿ, ಹಳದಿ ಹಲಸಿನ ತೊಳೆ, ನೇಂದ್ರ ಬಾಳೆ ಒಳ್ಳೆಯವು. ಪಪ್ಪಾಯಿಗೆ ಒಂದು ವಿಶೇಷ ಗುಣವಿದೆ. ಅದರ ತಿರುಳಿನಲ್ಲಿ ಕ್ಯಾರೊಟಿನಾಯ್ಡ್ ಇರುವ ರೀತಿಯೇ ಬೇರೆಯಾದ್ದರಿಂದ ಹಾಗೆಯೇ ತಿಂದರೂ ಸುಲಭವಾಗಿ ಹೀರಿಕೆಯಾಗುತ್ತದೆ. ಮನುಷ್ಯರ ಮೇಲೆ ನಡೆದ 2014ರ ಒಂದು ಹೋಲಿಕೆಯಲ್ಲಿ ಹಸಿ ಕ್ಯಾರೆಟ್ಟಿಗಿಂತ ಪಪ್ಪಾಯಿಯ ಬೀಟಾ ಕ್ಯಾರೊಟಿನ್ ಸುಮಾರು ಮೂರು ಪಟ್ಟು ಹೆಚ್ಚು ಹೀರಿಕೆಯಾಯಿತು. ಬೇಯಿಸುವ ಪುರಸೊತ್ತಿಲ್ಲದವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಹೆಜ್ಜೆ 4: ಸಣ್ಣಗೆ ಹೆಚ್ಚಿ, ಮುಚ್ಚಿ ಬೇಯಿಸಿ

ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಸಿ ಜೀವಸತ್ವದ ಮಟ್ಟಿಗೆ ಅದು ನಿಜ. ಕ್ಯಾರೊಟಿನಾಯ್ಡ್ ವಿಷಯದಲ್ಲಿ ಬಹುಮಟ್ಟಿಗೆ ಉಲ್ಟಾ. ತರಕಾರಿಯ ಜೀವಕೋಶದ ಗೋಡೆ ಗಟ್ಟಿ. ಬಣ್ಣ ಅದರೊಳಗೆ ಹರಳಾಗಿಯೋ ಪ್ರೋಟೀನಿಗೆ ಅಂಟಿಕೊಂಡೋ ಕೂತಿರುತ್ತದೆ. ಹೆಚ್ಚುವುದು, ತುರಿಯುವುದು, ಅರೆಯುವುದು, ಬೇಯಿಸುವುದು ಎಲ್ಲವೂ ಆ ಗೋಡೆಯನ್ನು ಒಡೆಯುವ ಕೆಲಸಗಳು. ಹಸಿ ಕ್ಯಾರೆಟ್ಟನ್ನು ಕಡಿದು ತಿಂದರೆ ಬಣ್ಣದ ಹೆಚ್ಚಿನ ಪಾಲು ಮೈಗೆ ಹತ್ತದೆ ಹಾಗೆಯೇ ಹೊರಗೆ ಹೋಗುತ್ತದೆ. ಟೊಮೆಟೊವನ್ನು ಎಣ್ಣೆಯಲ್ಲಿ ಬಾಡಿಸಿದಾಗ ಲೈಕೊಪಿನ್‌ನ ಆಕಾರವೇ ಸ್ವಲ್ಪ ಬದಲಾಗಿ ಕರುಳು ಅದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ.

ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿ. ಕುದಿಯುವ ನೀರಿಗೋ ಬೇಳೆಗೋ ಹಾಕಿ ಮುಚ್ಚಳ ಮುಚ್ಚಿ. ಎಲೆ ಬಾಡಿ ಮೆತ್ತಗಾದರೆ ಸಾಕು. ಕುಕ್ಕರಿನಲ್ಲಿ ಒಂದೆರಡು ಕೂಗು ಬಂದರೆ ಅಡ್ಡಿಯಿಲ್ಲ. ಗಂಟೆಗಟ್ಟಲೆ ಕುದಿಸುವುದು, ಬೆಳಗಿನ ಪಲ್ಯವನ್ನು ರಾತ್ರಿಯವರೆಗೆ ಮತ್ತೆ ಮತ್ತೆ ಬಿಸಿ ಮಾಡುವುದು, ಎಣ್ಣೆಯಲ್ಲಿ ಗರಿಗರಿಯಾಗಿ ಕರಿಯುವುದು, ಇವುಗಳಿಂದ ನಷ್ಟವಾಗುತ್ತದೆ.

ಮಂಡ್ಯ, ಮೈಸೂರು, ಹಾಸನದ ಬಸ್ಸಾರಿನ ಜಾಣತನವನ್ನು ನೋಡಿ. ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುತ್ತಾರೆ. ನೀರಿಗೆ ಇಳಿಯುವ ಫೋಲೇಟ್, ಖನಿಜಗಳು ಬಸಿದ ಕಟ್ಟಿನೊಂದಿಗೆ ಸಾರಿಗೆ ಹೋಗುತ್ತವೆ. ನೀರಿಗೆ ಇಳಿಯದ ಕ್ಯಾರೊಟಿನಾಯ್ಡ್ ಸೊಪ್ಪಿನಲ್ಲೇ ಉಳಿದು, ಒಗ್ಗರಣೆಯ ಎಣ್ಣೆ ಮತ್ತು ಕಾಯಿತುರಿ ಸೇರಿ ಪಲ್ಯವಾಗುತ್ತದೆ. ಒಂದೇ ಅಡುಗೆಯಲ್ಲಿ ಎರಡೂ ಬಗೆಯ ಪೋಷಕಾಂಶಗಳಿಗೆ ಅದರದರ ದಾರಿ ಸಿಕ್ಕಿತು. ಮಸ್ಸೊಪ್ಪಿನಲ್ಲಿ ಸೊಪ್ಪನ್ನು ಬೇಳೆಯೊಂದಿಗೆ ಮಸೆದುಬಿಡುವುದರಿಂದ ಜೀವಕೋಶ ಇನ್ನೂ ಚೆನ್ನಾಗಿ ಒಡೆಯುತ್ತದೆ. ಮಲೆನಾಡಿನ ತಂಬುಳಿಯಲ್ಲಿ ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಕಾಯಿಯೊಂದಿಗೆ ಅರೆದು, ಮಜ್ಜಿಗೆ ಬೆರೆಸುತ್ತಾರೆ. ಬಾಡಿಸುವುದು, ಅರೆಯುವುದು, ಜಿಡ್ಡು ಸೇರಿಸುವುದು ಎಲ್ಲವೂ ಅದರಲ್ಲೇ ಆಗಿಹೋಗುತ್ತದೆ.

ಜ್ಯೂಸ್ ಬಗ್ಗೆ ಎರಡು ಮಾತು. ಮಿಕ್ಸಿ ಜೀವಕೋಶವನ್ನು ಒಡೆಯುವುದು ನಿಜ, ಆದರೆ ಸೋಸಿ ಹಿಂಡಿ ಎಸೆಯುವ ಚರಟದಲ್ಲಿ ನಾರಿನ ಜೊತೆ ಸಾಕಷ್ಟು ಬಣ್ಣವೂ ಹೋಗುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಜೊತೆಗೆ ಜಿಡ್ಡೂ ಇರುವುದಿಲ್ಲ. ಕುಡಿಯಲೇಬೇಕೆಂದರೆ ಸೋಸದೆ, ತಿಂಡಿಯ ಜೊತೆ ಕುಡಿಯಿರಿ.

ಹೆಜ್ಜೆ 5: ಜಿಡ್ಡನ್ನು ಬಿಡಬೇಡಿ, ಸುರಿಯಲೂ ಬೇಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ತಿಂದ ಆಹಾರದಲ್ಲಿ ಕೊಬ್ಬು ಇದ್ದರೆ ಪಿತ್ತರಸ ಸುರಿಯುತ್ತದೆ, ಕೊಬ್ಬಿನ ಸೂಕ್ಷ್ಮ ಹನಿಗಳಲ್ಲಿ ಕ್ಯಾರೊಟಿನಾಯ್ಡ್ ಕರಗುತ್ತದೆ, ಕರುಳಿನ ಗೋಡೆ ಅದನ್ನು ಎಳೆದುಕೊಳ್ಳುತ್ತದೆ. ಕೊಬ್ಬು ಇಲ್ಲದಿದ್ದರೆ ಈ ಸರಪಳಿ ಶುರುವಾಗುವುದೇ ಇಲ್ಲ. ಅಮೆರಿಕದ ಐಯೋವಾ ರಾಜ್ಯದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೊಬ್ಬಿಲ್ಲದ ಡ್ರೆಸಿಂಗ್ ಹಾಕಿದ ಹಸಿ ಸಲಾಡ್ ತಿಂದವರ ರಕ್ತದಲ್ಲಿ ಕ್ಯಾರೊಟಿನಾಯ್ಡ್ ಹೆಚ್ಚುಕಡಿಮೆ ಏರಲೇ ಇಲ್ಲ. ಅದೇ ಸಲಾಡನ್ನು ಎಣ್ಣೆ ಇರುವ ಡ್ರೆಸಿಂಗ್ ಜೊತೆ ತಿಂದಾಗ ಏರಿತು.

ಎಷ್ಟು ಬೇಕು? ಊಟಕ್ಕೆ 3ರಿಂದ 5 ಗ್ರಾಂ ಸಾಕು, ಅಂದರೆ ಒಬ್ಬರಿಗೆ ಒಂದು ಟೀ ಚಮಚ ಎಣ್ಣೆ. ಅದು ಒಗ್ಗರಣೆಯಲ್ಲೇ ಬಂದುಹೋಗುತ್ತದೆ. ಒಗ್ಗರಣೆ ಸೌಟಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದ ಕೂಡಲೇ ಎಣ್ಣೆ ಕೆಂಪೇರುವುದನ್ನು ಗಮನಿಸಿ. ಅದು ಕ್ಯಾಪ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡ್ ಎಣ್ಣೆಗೆ ಇಳಿಯುವ ಕ್ಷಣ. ಸಾರಿನ ಮೇಲೆ ತೇಲುವ ಕಿತ್ತಳೆ ಬಣ್ಣದ ಎಣ್ಣೆಯ ಕಣ್ಣುಗಳು ಅವೇ. ಆ ಪದರವನ್ನು ಕೊಬ್ಬು ಎಂದು ಹೆದರಿ ಸೌಟಿನಲ್ಲಿ ತೆಗೆದು ಚೆಲ್ಲಿದರೆ ಬಣ್ಣವನ್ನೇ ಚೆಲ್ಲಿದ ಹಾಗೆ.

ಉತ್ತರ ಕರ್ನಾಟಕದ ಊಟವನ್ನೇ ನೋಡಿ. ಜೋಳದ ರೊಟ್ಟಿ, ಪಕ್ಕದಲ್ಲಿ ಹಸಿ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ (ಕ್ಯಾರೆಟ್). ಹಸಿ ಸೊಪ್ಪಿನಿಂದ ಕ್ಯಾರೊಟಿನಾಯ್ಡ್ ಹತ್ತುವುದು ಕಡಿಮೆ ಎಂದೆನಲ್ಲ? ಆದರೆ ಅದರ ಜೊತೆಗೇ ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ, ಮೇಲೆ ಒಂದಿಷ್ಟು ಎಣ್ಣೆ ಇರುತ್ತದೆ. ಗುರೆಳ್ಳು, ಶೇಂಗಾ ಎರಡೂ ಎಣ್ಣೆಕಾಳುಗಳು. ಡಯಟ್ ಮಾಡುತ್ತೇನೆ ಎಂದು ಹಿಂಡಿ ಬಿಟ್ಟು ಬರೀ ಹಸಿ ತರಕಾರಿ ತಿನ್ನುವವರು ಆ ತಟ್ಟೆಯ ಜೀವಾಳವನ್ನೇ ತೆಗೆದುಹಾಕುತ್ತಾರೆ. ಕೋಸಂಬರಿಗೂ ಇದೇ ಮಾತು: ಕ್ಯಾರೆಟ್ ತುರಿ, ಹೆಸರುಬೇಳೆ ಜೊತೆ ಕಾಯಿತುರಿ ಮತ್ತು ಒಗ್ಗರಣೆ ಬೇಕೇ ಬೇಕು.

ಎಣ್ಣೆ ಇಲ್ಲದೆ ಮಾಡುವ ಉಪ್ಸಾರಿನ ಊಟದಲ್ಲಿ ಮುದ್ದೆಯ ಮೇಲೆ ಒಂದು ಚಮಚ ತುಪ್ಪ ಹಾಕಿಕೊಳ್ಳಿ. ಹಸುವಿನ ತುಪ್ಪದ ಹಳದಿಯೂ ಹಸು ತಿಂದ ಹಸಿರು ಮೇವಿನ ಬೀಟಾ ಕ್ಯಾರೊಟಿನ್ನೇ. ಎಮ್ಮೆ ತನ್ನ ಪಾಲಿನ ಕ್ಯಾರೊಟಿನ್ನನ್ನೆಲ್ಲ ವಿಟಮಿನ್ 'ಎ' ಆಗಿ ಬದಲಾಯಿಸಿಕೊಳ್ಳುವುದರಿಂದ ಅದರ ಹಾಲು, ತುಪ್ಪ ಬೆಳ್ಳಗಿರುತ್ತವೆ. ಬೆಳ್ಳಗಿದ್ದ ಮಾತ್ರಕ್ಕೆ ಕೀಳು ಎಂದು ತಿಳಿಯಬೇಕಿಲ್ಲ.

ಹೆಜ್ಜೆ 6: ಬಿಸಿಲಿನಿಂದ ಕಾಪಾಡಿ

ನುಗ್ಗೆ ಸೊಪ್ಪು, ಕರಿಬೇವು, ಮೆಂತ್ಯ ಒಣಗಿಸಿ ಇಡುವವರು ನೆರಳಲ್ಲಿ, ಗಾಳಿಯಾಡುವ ಕಡೆ, ತೆಳ್ಳಗೆ ಹರಡಿ ಒಣಗಿಸಿ. ನೇರ ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಜೊತೆಗೆ ಬಣ್ಣವೂ ಸುಟ್ಟುಹೋಗುತ್ತದೆ. ಪುಡಿಯನ್ನು ಗಾಳಿಯಾಡದ, ಬೆಳಕು ತಾಗದ ಡಬ್ಬಿಯಲ್ಲಿಡಿ. ಗಾಜಿನ ಶೀಶೆಯನ್ನು ಕಿಟಕಿಯ ಪಕ್ಕ ಚೆಂದಕ್ಕೆ ಜೋಡಿಸಬೇಡಿ. ಖಾರದ ಪುಡಿಯೂ ಹಾಗೆಯೇ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ವ್ಯಾಪಾರಿಗಳು ಅದನ್ನು ಶೀತಲಗೃಹದಲ್ಲಿ ಇಡುವುದು ಬಣ್ಣ ಇಳಿಯದಿರಲಿ ಎಂದೇ. ಮನೆಯಲ್ಲೂ ವರ್ಷದ ಪುಡಿ ಒಟ್ಟಿಗೆ ಮಾಡಿಸುವ ಬದಲು ಮೂರು ನಾಲ್ಕು ತಿಂಗಳಿಗೆ ಆಗುವಷ್ಟು ಮಾಡಿಸಿ.

ಹೆಜ್ಜೆ 7: ಎಷ್ಟು ತಿನ್ನಬೇಕು? ವಾರಕ್ಕೊಂದು ಲೆಕ್ಕ

ವಯಸ್ಕ ಹೆಂಗಸಿಗೆ ದಿನಕ್ಕೆ 840, ಗಂಡಸಿಗೆ 1000 ಮೈಕ್ರೊಗ್ರಾಂ ವಿಟಮಿನ್ 'ಎ' ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಅಮೆರಿಕದ ಲೆಕ್ಕದಲ್ಲಿ ಆಹಾರದ 12 ಮೈಕ್ರೊಗ್ರಾಂ ಬೀಟಾ ಕ್ಯಾರೊಟಿನ್‌ನಿಂದ 1 ಮೈಕ್ರೊಗ್ರಾಂ ವಿಟಮಿನ್ 'ಎ' ಸಿಗುತ್ತದೆ. ಕಿತ್ತಳೆ ಕ್ಯಾರೆಟ್ 100 ಗ್ರಾಂ ತಿಂದರೆ ಅದೇ ಲೆಕ್ಕದ ಪ್ರಕಾರ ಸುಮಾರು 800 ಮೈಕ್ರೊಗ್ರಾಂ. ವಿಟಮಿನ್ 'ಎ' ಯಕೃತ್ತಿನಲ್ಲಿ ಸಂಗ್ರಹವಾಗುವುದರಿಂದ ದಿನದಿನವೂ ಅಳೆದು ತೂಗಿ ತಿನ್ನುವ ಅಗತ್ಯವಿಲ್ಲ. ವಾರದ ಸರಾಸರಿ ಸರಿಯಿದ್ದರೆ ಆಯಿತು.

ವಾರದಲ್ಲಿ ನಾಲ್ಕು ದಿನ ಸೊಪ್ಪು ಇರಲಿ. ಬೆರಕೆ ಸೊಪ್ಪಿನ ಸಾರೋ, ಮೆಂತ್ಯದ ಪಲ್ಯವೋ, ಅಕ್ಕಿರೊಟ್ಟಿಗೆ ಸಬ್ಬಸಿಗೆಯೋ. ಎರಡು ದಿನ ಸಿಹಿ ಕುಂಬಳ ಅಥವಾ ಕ್ಯಾರೆಟ್ಟಿನ ಪಲ್ಯ, ಹುಳಿ, ಇಲ್ಲವೇ ಮಜ್ಜಿಗೆಹುಳಿ. ಟೊಮೆಟೊ ಹೇಗೂ ದಿನವೂ ಬರುತ್ತದೆ. ಹಣ್ಣಿನ ಪಾಳಿಗೆ ಕಾಲಕ್ಕೆ ತಕ್ಕಂತೆ ಬೇಸಿಗೆಯಲ್ಲಿ ಮಾವು, ಹಲಸು, ಕಲ್ಲಂಗಡಿ. ಉಳಿದ ದಿನಗಳಲ್ಲಿ ಪಪ್ಪಾಯಿ, ಕೆಂಪು ಸೀಬೆ. ಒಟ್ಟಾರೆ ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಕ್ಕರೆ ಕಾಯಿಲೆ ಇರುವವರು ಮಾವು, ಕಲ್ಲಂಗಡಿಯ ಬದಲು ಸೊಪ್ಪಿನ ಪಾಲು ಹೆಚ್ಚಿಸಿಕೊಳ್ಳಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೆ ಏರಿಸಬಾರದು, ಸೊಪ್ಪಿನ ವಿಟಮಿನ್ 'ಕೆ' ಆ ಮಾತ್ರೆಗೆ ಅಡ್ಡಬರುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರೂ ವೈದ್ಯರನ್ನು ಕೇಳಿಯೇ ಹೆಚ್ಚಿಸಿ.

ಹೆಜ್ಜೆ 8: ತಾಯಿ ಮತ್ತು ಮಗು

ಹೆರಿಗೆಯಾದ ಕೂಡಲೇ ಬರುವ ಮೊದಲ ಹಾಲು ಹಳದಿಯಾಗಿರುತ್ತದೆ. ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲಿಸುವ ಪದ್ಧತಿ ಇಂದಿಗೂ ಕೆಲವು ಮನೆಗಳಲ್ಲಿದೆ. ದಯವಿಟ್ಟು ಚೆಲ್ಲಿಸಬೇಡಿ. ಆ ಹಳದಿ ತಾಯಿಯ ಮೈಯಿಂದ ಮಗುವಿಗೆ ಹರಿಯುವ ಕ್ಯಾರೊಟಿನಾಯ್ಡ್. ರೋಗ ತಡೆಯುವ ಅಂಶಗಳೂ ಆ ಹಾಲಿನಲ್ಲಿ ತುಂಬಿವೆ. ತಾಯಿ ಏನು ಉಣ್ಣುತ್ತಾಳೆ ಎಂಬುದರ ಮೇಲೆ ಮುಂದಿನ ತಿಂಗಳುಗಳ ಹಾಲಿನ ಸತ್ವವೂ ನಿಂತಿದೆ. ಬಾಣಂತಿಗೆ ಪಥ್ಯದ ಹೆಸರಿನಲ್ಲಿ ಬರೀ ಅನ್ನ, ಮೆಣಸಿನ ಸಾರು ಕೊಡುವ ಕಡೆ, ಸಬ್ಬಸಿಗೆ ಸೊಪ್ಪಿನ ಪಲ್ಯವನ್ನು ತುಪ್ಪ ಹಾಕಿ ಕೊಡುವ ಹಳೆಯ ರೂಢಿಯನ್ನಾದರೂ ಉಳಿಸಿಕೊಳ್ಳಿ; ಕುಂಬಳ, ಕ್ಯಾರೆಟ್ಟನ್ನೂ ಸೇರಿಸಿ.

ಆರು ತಿಂಗಳು ತುಂಬಿದ ಮಗುವಿಗೆ ಮೇಲಾಹಾರ ಶುರುಮಾಡುವಾಗ ಬೇಯಿಸಿ ನುಣ್ಣಗೆ ಮಸೆದ ಸಿಹಿ ಕುಂಬಳ ಅಥವಾ ಕ್ಯಾರೆಟ್ಟಿಗೆ ಕಾಲು ಚಮಚ ತುಪ್ಪ ಬೆರೆಸಿ ಕೊಡಿ. ಹಸಿ ಕ್ಯಾರೆಟ್ ತುಂಡನ್ನು ಪುಟ್ಟ ಮಕ್ಕಳ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಎಷ್ಟು ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳ 10ರಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಮಾತ್ರೆಯನ್ನು ತಪ್ಪಿಸಬೇಡಿ. ಸೊಪ್ಪು ತಿನ್ನಿಸುತ್ತೇವಲ್ಲ ಎಂದು ವಿಟಮಿನ್ 'ಎ' ದ್ರಾವಣವನ್ನೂ ಬಿಡಬೇಡಿ. 1970ರಲ್ಲಿ ಮಕ್ಕಳ ಕುರುಡುತನ ತಡೆಯಲು ದೇಶದಲ್ಲಿ ಶುರುವಾದ ಕಾರ್ಯಕ್ರಮ ಅದು. ಒಂಬತ್ತನೇ ತಿಂಗಳಿಗೆ ಮೊದಲ ಡೋಸ್, 16ರಿಂದ 18ನೇ ತಿಂಗಳಲ್ಲಿ ಎರಡನೆಯದು, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ.

ಹೆಜ್ಜೆ 9: ಮಾತ್ರೆ ನುಂಗುವ ಮೊದಲು ಇದನ್ನು ಓದಿ

ತರಕಾರಿಯಲ್ಲಿ ಇಷ್ಟು ಒಳ್ಳೆಯದಾದರೆ ಮಾತ್ರೆಯಲ್ಲಿ ಇನ್ನೂ ಒಳ್ಳೆಯದು ಎಂದು ವಿಜ್ಞಾನಿಗಳೂ ಒಂದು ಕಾಲಕ್ಕೆ ಆಶಿಸಿದ್ದರು. ಫಿನ್ಲೆಂಡಿನಲ್ಲಿ ಸಿಗರೇಟಿನ ಚಟವಿದ್ದ 29,133 ಗಂಡಸರನ್ನು ಸೇರಿಸಿಕೊಂಡು, ಅವರಲ್ಲಿ ಒಂದು ಪಾಲಿನವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾದೀತು ಎಂಬ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ನುಂಗಿದವರಲ್ಲಿ ಅದು ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ಕೆಲಸ ಮಾಡಿದವರ ಮೇಲೆ ನಡೆಯುತ್ತಿದ್ದ ಇನ್ನೊಂದು ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ 'ಎ'ಯನ್ನೂ ಕೊಡುತ್ತಿದ್ದರು. ಅಲ್ಲಿ ಶೇ 28ರಷ್ಟು ಹೆಚ್ಚಳ ಕಂಡದ್ದರಿಂದ 1996ರ ಜನವರಿಯಲ್ಲಿ ಮಾತ್ರೆ ಕೊಡುವುದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು.

ಆದ್ದರಿಂದ ಬೀಡಿ, ಸಿಗರೇಟು ಸೇದುವವರು, ಹಿಂದೆ ಸೇದುತ್ತಿದ್ದವರು ಬೀಟಾ ಕ್ಯಾರೊಟಿನ್ ಮಾತ್ರೆಯನ್ನು ಮುಟ್ಟಬೇಡಿ. ಔಷಧಿ ಅಂಗಡಿಯಲ್ಲಿ ಸಿಗುವ ಮಲ್ಟಿವಿಟಮಿನ್ ಪಟ್ಟಿಯ ಮೇಲೂ ಕಣ್ಣಾಡಿಸಿ. ಕ್ಯಾರೆಟ್, ಸೊಪ್ಪು ತಿನ್ನಲು ಇವರಿಗೆ ಯಾವ ಭಯವೂ ಇಲ್ಲ. ಅಪಾಯ ಕಂಡದ್ದು ಮಾತ್ರೆಯ ದೊಡ್ಡ ಪ್ರಮಾಣದಲ್ಲಿ.

ಲ್ಯೂಟಿನ್ ಮಾತ್ರೆಯ ಕಥೆ ಬೇರೆ. ವಯಸ್ಸಾದವರ ಮ್ಯಾಕ್ಯುಲಾ ಸವೆಯುವ ಕಾಯಿಲೆ ಮಧ್ಯಮ ಹಂತ ತಲುಪಿದ್ದರೆ, 10 ಮಿಲಿಗ್ರಾಂ ಲ್ಯೂಟಿನ್, 2 ಮಿಲಿಗ್ರಾಂ ಝಿಯಾಕ್ಸಾಂಥಿನ್ ಇರುವ ಮಿಶ್ರಣವನ್ನು ಕಣ್ಣಿನ ವೈದ್ಯರು ಬರೆಯುವುದುಂಟು. 2013ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ನಂತರ ಆ ಮಿಶ್ರಣದಲ್ಲಿ ಬೀಟಾ ಕ್ಯಾರೊಟಿನ್ ಬದಲು ಇವು ಸೇರಿದವು. ಕಾಯಿಲೆ ಮುಂದುವರಿಯುವುದನ್ನು ನಿಧಾನಗೊಳಿಸಲು ಅದು. ಕಂಪ್ಯೂಟರ್ ಮುಂದೆ ಕೂತು ಕಣ್ಣು ದಣಿಯುವ ಯುವಕರಿಗಲ್ಲ. ಕನ್ನಡಕದ ಪವರ್ ಇಳಿಸುವ ಶಕ್ತಿಯೂ ಅದಕ್ಕಿಲ್ಲ, ಕ್ಯಾರೆಟ್ಟಿಗೂ ಇಲ್ಲ. ಗರ್ಭಿಣಿಯರು ವಿಟಮಿನ್ 'ಎ' ಮಾತ್ರೆಯನ್ನು ವೈದ್ಯರು ಹೇಳದೆ ನುಂಗಲೇಬಾರದು. ಹೆಚ್ಚಾದರೆ ಮಗುವಿನ ಬೆಳವಣಿಗೆಗೆ ತೊಂದರೆ. ಆಹಾರದ ಕ್ಯಾರೊಟಿನ್‌ನಿಂದ ಹಾಗಾಗುವುದಿಲ್ಲ, ದೇಹ ತನಗೆ ಬೇಕಾದಷ್ಟನ್ನು ಮಾತ್ರ ಬದಲಾಯಿಸಿಕೊಳ್ಳುತ್ತದೆ.

ಹೆಜ್ಜೆ 10: ಈ ಲಕ್ಷಣಗಳನ್ನು ಗಮನಿಸಿ

ಕ್ಯಾರೆಟ್, ಕುಂಬಳ, ಪಪ್ಪಾಯಿಯನ್ನು ವಾರಗಟ್ಟಲೆ ವಿಪರೀತ ತಿಂದರೆ ಅಂಗೈ, ಅಂಗಾಲು, ಮೂಗಿನ ಅಂಚು ಹಳದಿಯಾಗುತ್ತವೆ. ಮಕ್ಕಳಲ್ಲಿ ಇದು ಹೆಚ್ಚು, ಮನೆಯವರು ಕಾಮಾಲೆ ಎಂದು ಗಾಬರಿಯಾಗುತ್ತಾರೆ. ಬೆಳಕಿನಲ್ಲಿ ನಿಲ್ಲಿಸಿ ಕಣ್ಣಿನ ಬಿಳಿಭಾಗ ನೋಡಿ. ಅದು ಬೆಳ್ಳಗೇ ಇದ್ದು ಅಂಗೈ ಮಾತ್ರ ಹಳದಿಯಾಗಿದ್ದರೆ ಬಹುತೇಕ ಕ್ಯಾರೊಟಿನ್. ತಿನ್ನುವುದನ್ನು ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ, ಹಾನಿಯಿಲ್ಲ. ಕಣ್ಣೂ ಹಳದಿ, ಮೂತ್ರವೂ ಕಡು ಹಳದಿ ಎಂದಾದರೆ ಕಾಮಾಲೆ; ಆಸ್ಪತ್ರೆಗೆ ಹೋಗಿ. ಹೆಚ್ಚು ತಿನ್ನದೆಯೂ ಅಂಗೈ ಹಳದಿಯಾದರೆ ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕೊರತೆಯ ಲಕ್ಷಣ ಇದಕ್ಕಿಂತ ಗಂಭೀರ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗು ಎಡವುತ್ತದೆ, ಆಟದ ಸಾಮಾನು ಹುಡುಕಲು ತಡಕಾಡುತ್ತದೆ ಎಂದರೆ ಅದು ಇರುಳುಗಣ್ಣು ಇರಬಹುದು. ಕಣ್ಣಿನ ಬಿಳಿಯ ಮೇಲೆ ನೊರೆಯಂಥ ಬೂದುಬಿಳಿ ಮಚ್ಚೆ ಕಂಡರೆ ಸ್ಥಿತಿ ಇನ್ನೂ ಮುಂದುವರಿದಿದೆ ಎಂದರ್ಥ. ಗರ್ಭಿಣಿಯರಲ್ಲೂ ಇರುಳುಗಣ್ಣು ಬರುವುದುಂಟು. ಆಗ ಸೊಪ್ಪು ತಿನ್ನಿಸಿ ನೋಡೋಣ ಎಂದು ಕಾಯುವಂತಿಲ್ಲ. ದಡಾರ ಬಂದ ಮಗುವಿಗಂತೂ ಒಂದು ದಿನವೂ ತಡಮಾಡಬಾರದು, ಆ ಕಾಯಿಲೆಯಲ್ಲಿ ವಿಟಮಿನ್ 'ಎ' ವೇಗವಾಗಿ ಕರಗುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ಕರೆದೊಯ್ಯಿರಿ. ಚಿಕಿತ್ಸೆಯ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಹೋಗುವಾಗ ಮಗುವಿನ ತಾಯಿ ಕಾರ್ಡ್ ಕೈಯಲ್ಲಿರಲಿ, ಹಿಂದಿನ ಡೋಸ್ ಯಾವಾಗ ಹಾಕಿಸಿದ್ದು ಎಂಬುದು ಅದರಲ್ಲಿ ಬರೆದಿರುತ್ತದೆ.